ಮೊದಲು ತಪ್ಪು ಹುಡುಕಿ, ಆಮೇಲೆ ಕ್ಯಾಮೆರಾ ಹಿಡಿಯಿರಿ

ಮುಂಬಯಿಯ ವಿಲೆ ಪಾರ್ಲೆ ರೈಲು ನಿಲ್ದಾಣದ ಫಲಕದಲ್ಲಿ ಊರಿನ ಹೆಸರು ದೇವನಾಗರಿಯಲ್ಲಿದೆ. ಅಲ್ಲಿ 'ರ್' ಎಂಬುದು 'ಲೆ' ಅಕ್ಷರದ ತಲೆಯ ಮೇಲೆ ಕೊಕ್ಕೆಯಂತೆ ಕೂತಿದೆ. ಮರಾಠಿಯಲ್ಲಿ ಅದಕ್ಕೆ ರಫಾರ ಎನ್ನುತ್ತಾರೆ. ಅದೇ ಹೆಸರನ್ನು ಕನ್ನಡದಲ್ಲಿ ಬರೆದರೆ ಆ 'ರ್' ತಲೆಯಿಂದ ಇಳಿದು 'ಲೆ'ಯ ಬಲಗಡೆಗೆ ಬರುತ್ತದೆ, ಕನ್ನಡದ ಒಂಬತ್ತರ ಅಂಕಿಯ ಹಾಗೆ ನಿಲ್ಲುತ್ತದೆ. ಅದು ನಮ್ಮ ಅರ್ಕಾವತ್ತು. ಕಣ್ಣಿಗೆ ಮೊದಲು ಸಿಗುವುದು 'ಲೆ', ಆಮೇಲೆ ಅರ್ಕಾವತ್ತು. ನಾಲಿಗೆ ಮಾತ್ರ 'ರ್' ಅನ್ನೇ ಮೊದಲು ನುಡಿಯಬೇಕು. ಮರಾಠಿ ಓದಬಲ್ಲ, ಕನ್ನಡ ಈಗಷ್ಟೇ ಕಲಿಯುತ್ತಿರುವ ಮಗು ಕಣ್ಣು ಹೋದ ದಾರಿಯಲ್ಲೇ ನಾಲಿಗೆಯನ್ನೂ ಕಳಿಸಿದರೆ ಪಾರ್ಲೆ 'ಪಾಲೆರ್' ಆಗುತ್ತದೆ. ಮುಂಬಯಿಯ ಕನ್ನಡ ಮಕ್ಕಳಿಗೆ ಲಿಪಿ ಕಲಿಸಲು ಯಾರಾದರೂ ಮೊಬೈಲಿಗೆಂದು ಒಂದು ನಿಮಿಷದ ಪಾಠ ಮಾಡಹೊರಟರೆ, ಅದು ಶುರುವಾಗಬೇಕಾದದ್ದು ಇಂಥ ಎಡವುವ ಜಾಗದಿಂದ. ಹಾಡು, ಬಣ್ಣ, ಸಂಕಲನಗಳೆಲ್ಲ ಆಮೇಲಿನ ಮಾತು.

ಕಿರುವಿಡಿಯೊ ನಮ್ಮ ನಡುವೆ ಬೇರೂರಿದ್ದು ಬಹಳ ಬೇಗ. 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಯಿತು, ಜುಲೈಯಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಭಾರತಕ್ಕೆ ಬಂತು, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್. 60 ಸೆಕೆಂಡಿಗೆ ಸೀಮಿತವಾಗಿದ್ದ ಶಾರ್ಟ್ಸ್ 2024ರ ಅಕ್ಟೋಬರಿನಿಂದ 3 ನಿಮಿಷದವರೆಗೂ ಇರಬಹುದು. ಇಷ್ಟು ಅಗ್ಗದ, ಇಷ್ಟು ದೂರ ತಲುಪುವ ಪಾಠದ ಸಾಧನ ಹೊರನಾಡ ಕನ್ನಡಿಗರ ಕೈಗೆ ಹಿಂದೆಂದೂ ಬಂದಿರಲಿಲ್ಲ. ಆದರೆ ಯೋಜನೆಗೆ ಕೂತಾಗ ಮೊದಲು ಏಳುವ ಪ್ರಶ್ನೆ ಸಾಮಾನ್ಯವಾಗಿ ಯಾವ ಹಾಡು ಹಾಕಬೇಕು, ಮೊದಲ ಮೂರು ಸೆಕೆಂಡಿನಲ್ಲಿ ಹೇಗೆ ಹಿಡಿದು ನಿಲ್ಲಿಸಬೇಕು ಎಂಬುದು. ಕಲಿಯುವವರು ಯಾರು, ಅವರಿಗೆ ಈಗಾಗಲೇ ಏನು ಗೊತ್ತು ಎಂಬ ಪ್ರಶ್ನೆ ಹಿಂದೆ ಉಳಿಯುತ್ತದೆ. ಆದ್ದರಿಂದಲೇ 'ಅ ಅರಸ, ಆ ಆನೆ' ಮಾದರಿಯ ಪಾಠ ಎಲ್ಲ ಊರಿನ ಎಲ್ಲ ಮಕ್ಕಳಿಗೂ ಒಂದೇ ಅಳತೆಯ ಅಂಗಿಯಾಗಿ ಬಿಡುತ್ತದೆ. ಸುತ್ತಲೂ ಕನ್ನಡದ ಬೋರ್ಡು, ಬಸ್ಸು, ಪೇಪರು ನೋಡುತ್ತ ಬೆಳೆಯುವ ದಾವಣಗೆರೆಯ ಒಂದನೇ ತರಗತಿಯ ಮಗುವಿಗೆ ಅದು ಹೊಂದೀತು. ಪಾರ್ಲೆಯ ಮಗುವಿನ ಸ್ಥಿತಿ ಬೇರೆ. ಮಹಾರಾಷ್ಟ್ರದ 2020ರ ಕಾಯ್ದೆಯ ಪ್ರಕಾರ ಯಾವ ಮಾಧ್ಯಮದ ಶಾಲೆಯಾದರೂ ಅಲ್ಲಿ ಮರಾಠಿ ಕಲಿಯಲೇಬೇಕು. ಹಾಗಾಗಿ ಈ ಮಗುವಿಗೆ ವರ್ಣಮಾಲೆಯ ಕ್ರಮ ಗೊತ್ತು; ನಮ್ಮ ಕಾಗುಣಿತ ಅದಕ್ಕೆ ಬಾರಾಖಡಿ ಎಂಬ ಹೆಸರಿನಲ್ಲಿ ಬಾಯಿಪಾಠ; ಮರಾಠಿಯಲ್ಲೂ ಇರುವುದರಿಂದ 'ಳ' ಮತ್ತು 'ಣ' ನಾಲಿಗೆಯ ಮೇಲಿವೆ. ಮನೆಯಲ್ಲಿ ಕನ್ನಡವೋ ತುಳುವೋ ಕೊಂಕಣಿಯೋ ಕಿವಿಗೆ ಬೀಳುತ್ತಿರುತ್ತದೆ. ಇಷ್ಟೆಲ್ಲ ಬಂಡವಾಳವಿರುವ ಮಗುವನ್ನು ಸೊನ್ನೆಯಿಂದ ಶುರುಮಾಡಿಸಿದರೆ ಅದು ಎರಡನೇ ವಿಡಿಯೊಗೆ ಬೇಸತ್ತು ಎದ್ದುಹೋಗುತ್ತದೆ. ಆ ಬೇಸರ ಕನ್ನಡದ ಮೇಲಿನದಲ್ಲ. ಗೊತ್ತಿದ್ದುದನ್ನೇ ಮತ್ತೆ ಹೇಳಿಸಿಕೊಳ್ಳುವುದರ ಮೇಲಿನದು.

ಇಂಥ ಮಗುವಿಗೆ ಗೊತ್ತಿಲ್ಲದ ಸಂಗತಿಗಳು ಕೆಲವೇ, ಆದರೆ ಅವು ಬಹಳ ಖಚಿತವಾದವು. ಮರಾಠಿಯಲ್ಲಿ 'ಘರ' ಎಂದು ಬರೆದು 'ಘರ್' ಎಂದು ಓದುತ್ತಾರೆ; ಪದದ ಕೊನೆಯ 'ಅ' ಬರವಣಿಗೆಯಲ್ಲಿ ಉಳಿದು ಮಾತಿನಲ್ಲಿ ಬಿದ್ದುಹೋಗುತ್ತದೆ. ಆ ಅಭ್ಯಾಸ ಹೊತ್ತುಬಂದ ಮಗು ಕನ್ನಡದ 'ಮರ'ವನ್ನು 'ಮರ್' ಎಂದು ಓದುವುದು ಸಹಜ. ಕನ್ನಡ ಹಾಗೆ ಮೌನವಾಗಿ ಸ್ವರವನ್ನು ನುಂಗುವುದಿಲ್ಲ. 'ಅ' ಹೋಗಬೇಕಾದರೆ 'ರ್' ಎಂದು ಗುರುತು ಹಾಕಿಯೇ ಕಳಿಸುತ್ತದೆ. ಇದನ್ನು ತೋರಿಸಲು ನಮ್ಮ ಹಳೆಯ ಮೇಷ್ಟ್ರುಗಳು ಬಿಟ್ಟುಹೋದ ಒಳ್ಳೆಯ ಪದವೇ ಇದೆ, ತಲೆಕಟ್ಟು. 'ರ'ದ ನೆತ್ತಿಯಲ್ಲಿ ತಲೆಕಟ್ಟು ಮಾತ್ರ ಇದ್ದರೆ ಅಲ್ಲಿ 'ಅ' ಇದೆ, ಅದನ್ನು ಬಾಯಿಬಿಟ್ಟು ಹೇಳಬೇಕು. ದೇವನಾಗರಿಯಿಂದ ಬಂದ ಮಗು ಅದನ್ನು ಬರೀ ಶಿರೋರೇಖೆಯ ತುಂಡು ಎಂದುಕೊಂಡಿರುತ್ತದೆ. ಶಿರೋರೇಖೆ ಎಲ್ಲ ಅಕ್ಷರಕ್ಕೂ ಸಾಮಾನ್ಯವಾದ ಗೆರೆ, ತಲೆಕಟ್ಟು ಸ್ವರದ ಗುರುತು. 'ರ'ಕ್ಕೆ ಗುಡಿಸು ಕೊಟ್ಟು 'ರಿ' ಮಾಡಿದ ಕೂಡಲೇ ಅದು ಮಾಯವಾಗುವುದನ್ನು ತೆರೆಯ ಮೇಲೆ ಕಣ್ಣಾರೆ ತೋರಿಸಬಹುದು. 'ಬ', 'ಜ', 'ಲ'ಗಳಂಥ ಕೆಲವಕ್ಕೆ ತಲೆಕಟ್ಟೇ ಇಲ್ಲ. ಅದು ಬೇರೊಂದು ದಿನದ ಪಾಠವಾಗಲಿ, ಇದರೊಳಗೆ ತುರುಕುವುದು ಬೇಡ. ಇನ್ನೊಂದು ತೊಡಕು ಹ್ರಸ್ವ ದೀರ್ಘದ್ದು. ಮರಾಠಿಗೆ 'ಎ' ಮತ್ತು 'ಏ' ಎರಡಕ್ಕೂ ಒಂದೇ ಗುರುತು, 'ಒ' ಮತ್ತು 'ಓ'ಗೂ ಅಷ್ಟೆ. ಆ ಮಗುವಿಗೆ ಏತ್ವಕ್ಕೆ ದೀರ್ಘ ಹಚ್ಚುವುದು ಅಲಂಕಾರದಂತೆ ಕಾಣುತ್ತದೆ. 'ಕೆರೆ'ಗೆ ದೀರ್ಘ ಹಚ್ಚಿದರೆ ಹಾವು ಬರುತ್ತದೆ, 'ಕೊಡು'ವಿಗೆ ಹಚ್ಚಿದರೆ ಕೋಡು ಮೂಡುತ್ತದೆ ಎಂದು ತೋರಿಸಿದರೆ ಮತ್ತೆ ಮರೆಯುವುದಿಲ್ಲ. ಹೀಗೆ ಒಂದು ವಿಡಿಯೊಗೆ ಒಂದೇ ತಪ್ಪು. ಇಡೀ ಯೋಜನೆಯ ಬೆನ್ನೆಲುಬು ಇದೇ, ಉಳಿದದ್ದೆಲ್ಲ ಇದಕ್ಕೆ ಅಂಟಿಕೊಂಡ ಮಾಂಸ.

ತಪ್ಪಿನಿಂದ ಪಾಠ ಶುರುಮಾಡಬೇಕೆಂಬುದಕ್ಕೆ ಸಂಶೋಧನೆಯ ಆಧಾರವೂ ಇದೆ. 'ವೆರಿಟಾಸಿಯಂ' ಯೂಟ್ಯೂಬ್ ವಾಹಿನಿಯ ಡೆರೆಕ್ ಮುಲ್ಲರ್ 2008ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಪಡೆದದ್ದು ಭೌತಶಾಸ್ತ್ರದ ವಿಡಿಯೊ ಹೇಗಿರಬೇಕು ಎಂಬ ವಿಷಯದ ಮೇಲೆ. ವಿದ್ಯಾರ್ಥಿಗಳ ಒಂದು ಗುಂಪಿಗೆ ಅವರು ಸರಿಯಾದ ವಿವರಣೆಯನ್ನಷ್ಟೇ ತೋರಿಸಿದರು. ಇನ್ನೊಂದು ಗುಂಪಿಗೆ ಇಬ್ಬರ ಸಂಭಾಷಣೆ. ಅದರಲ್ಲಿ ಒಬ್ಬ ವಿದ್ಯಾರ್ಥಿಗಳ ತಲೆಯಲ್ಲಿರುವ ತಪ್ಪು ಕಲ್ಪನೆಯನ್ನೇ ಆಡುತ್ತಾನೆ, ಮಾತು ಬೆಳೆದಂತೆ ಅದು ಸರಿಯಾಗುತ್ತದೆ. ಮೊದಲ ಗುಂಪಿನವರು ವಿಡಿಯೊ ಸ್ಪಷ್ಟವಾಗಿತ್ತು, ಸುಲಭವಾಗಿತ್ತು ಎಂದರು, ಆದರೆ ಪರೀಕ್ಷೆಯಲ್ಲಿ ಅವರ ಅಂಕ ಹೆಚ್ಚೇನೂ ಏರಲಿಲ್ಲ. ಎರಡನೆಯ ಗುಂಪಿನವರು ಗೊಂದಲವಾಯಿತು, ತಲೆ ಓಡಿಸಬೇಕಾಯಿತು ಎಂದರು. ಕಲಿತದ್ದು ಅವರೇ ಹೆಚ್ಚು. ಸರಿಯಾದ ವಿವರಣೆಯನ್ನು ಕೇಳುವಾಗ ನಮ್ಮ ಮನಸ್ಸು ತನಗೆ ಗೊತ್ತಿದ್ದುದನ್ನೇ ಇವರು ಹೇಳುತ್ತಿದ್ದಾರೆ ಎಂದು ತಲೆಯಾಡಿಸಿಬಿಡುತ್ತದೆ, ಹಳೆಯ ತಪ್ಪು ಇದ್ದಲ್ಲೇ ಇರುತ್ತದೆ. 'ಪಾಲೆರ್' ಎಂಬ ತಪ್ಪನ್ನು ಮೊದಲು ಕೇಳಿಸಿ, ಬೆರಳನ್ನು ಮೊದಲು ಅರ್ಕಾವತ್ತಿನ ಮೇಲೆ, ಆಮೇಲೆ 'ಲೆ'ಯ ಮೇಲೆ ಇಟ್ಟು ತೋರಿಸಿ, ಆಮೇಲೆ 'ಪಾರ್ಲೆ' ಎಂದು ಹೇಳಿಸುವ 40 ಸೆಕೆಂಡು, ಅರ್ಕಾವತ್ತಿನ ನಿಯಮವನ್ನು ಚೊಕ್ಕವಾಗಿ ಒಪ್ಪಿಸುವ ಮೂರು ನಿಮಿಷಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ ಎಂದು ನಾನು ನಂಬುವುದು ಈ ಕಾರಣಕ್ಕೆ.

ದೊಡ್ಡ ಪಾಠವನ್ನು ಕತ್ತರಿಸಿದರೆ ಚಿಕ್ಕ ಪಾಠವಾಗುತ್ತದೆ ಎಂಬ ತಿಳಿವಳಿಕೆಯೂ ಬಿಡಬೇಕಾದದ್ದು. ಎಡ್‌ಎಕ್ಸ್ ತಾಣದ ನಾಲ್ಕು ಕೋರ್ಸುಗಳ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿ ಫಿಲಿಪ್ ಗುವೊ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಎಲ್ಲರೂ ಎತ್ತಿ ಹೇಳುವುದು ವಿಡಿಯೊ ಆರು ನಿಮಿಷದೊಳಗಿರಲಿ ಎಂಬ ಒಂದು ಮಾತನ್ನು. ಅದಕ್ಕಿಂತ ಬೆಲೆಯುಳ್ಳ ಮಾತು ಅದರಲ್ಲೇ ಇದೆ: ತರಗತಿಯ ಉಪನ್ಯಾಸವನ್ನು ಎಷ್ಟೇ ಚೆನ್ನಾಗಿ ಚಿತ್ರೀಕರಿಸಿ ತುಂಡು ಮಾಡಿ ಹಾಕಿದರೂ, ಮೊದಲಿನಿಂದಲೇ ಕಿರುರೂಪಕ್ಕೆಂದು ಯೋಜಿಸಿದ ಪಾಠದಷ್ಟು ಅದು ನೋಡುಗರನ್ನು ಹಿಡಿಯುವುದಿಲ್ಲ. ಅವು ಕಾಲೇಜು ಮಟ್ಟದ ಕೋರ್ಸುಗಳು, ನಿಮಿಷದ ಲೆಕ್ಕವನ್ನು ಮಕ್ಕಳ ಅಕ್ಷರಪಾಠಕ್ಕೆ ಹಾಗೆಯೇ ಒಯ್ಯಲಾಗದು. ಯೋಜನೆ ಮೊದಲು ಎಂಬ ತತ್ವವನ್ನು ಒಯ್ಯಬಹುದು. ನಮ್ಮದೇ ನೆಲದಲ್ಲಿ ಅದಕ್ಕೆ ಹಿರಿಯ ಉದಾಹರಣೆ 1975–76ರ ಉಪಗ್ರಹ ಟಿವಿ ಪ್ರಯೋಗ, ಸೈಟ್. ಆರು ರಾಜ್ಯಗಳ 2400 ಹಳ್ಳಿಗಳಿಗೆ ಪಾಠ ಬಿತ್ತರಿಸಿದ ಆ ಪ್ರಯೋಗದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಇದ್ದವು. ಶಾಲಾಮಕ್ಕಳಿಗೆ ದಿನಕ್ಕೆ ಸಿಗುತ್ತಿದ್ದದ್ದು ಒಂದೊಂದು ಭಾಷೆಗೆ 22 ನಿಮಿಷ ಚಿಲ್ಲರೆ. ಅಷ್ಟು ಹೊತ್ತಿಗಾಗಿ ನೋಡುವವರು ಯಾರು, ಅವರಿಗೆ ಏನು ಗೊತ್ತು ಎಂದು ಸಮಾಜವಿಜ್ಞಾನಿಗಳನ್ನು ಹಳ್ಳಿಗೆ ಕಳಿಸಿ ಮೊದಲೇ ತಿಳಿದುಕೊಂಡಿದ್ದರು. ಅವರ ಕೈಯಲ್ಲಿ ಅಮೆರಿಕದಿಂದ ಎರವಲು ತಂದ ಉಪಗ್ರಹವಿತ್ತು. ನಮ್ಮ ಕೈಯಲ್ಲಿರುವುದು ಫೋನು. ಆದರೆ ನೋಡುವ ಮಗುವನ್ನು ಮೊದಲು ಅರಿಯುವ ಕೆಲಸಕ್ಕೆ ಉಪಗ್ರಹವೂ ಬೇಡ, ಹಣವೂ ಬೇಡ. ಐದಾರು ಮಕ್ಕಳ ಮುಂದೆ ಹತ್ತು ಪದ ಇಟ್ಟು ಓದಿಸಿ, ಅವರು ಎಡವಿದ್ದನ್ನೆಲ್ಲ ಬರೆದುಕೊಂಡರೆ ಆರು ತಿಂಗಳ ವಿಡಿಯೊಗಳ ಪಟ್ಟಿ ಸಿದ್ಧವಾಗುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ, ಮನರಂಜನೆ ಇಲ್ಲದಿದ್ದರೆ ಯಾರೂ ನೋಡುವುದಿಲ್ಲ, ನೋಡದ ಪಾಠ ಎಷ್ಟು ಒಳ್ಳೆಯದಾದರೇನು ಎಂಬುದು. ಇದರಲ್ಲಿ ಸತ್ಯವಿದೆ, ಬೆರಳಿನ ಒಂದು ಸರಿತಕ್ಕೆ ಮುಂದಿನ ವಿಡಿಯೊ ಸಿಗುವಾಗ ನಿಲ್ಲಿಸಿಕೊಳ್ಳುವ ಶಕ್ತಿ ಬೇಕೇ ಬೇಕು. ಆ ಶಕ್ತಿ ತಪ್ಪಿನಲ್ಲಿಯೇ ಇದೆ ಎನ್ನುವುದು ನನ್ನ ಉತ್ತರ. ಕೆರೆಯಲ್ಲಿ ನೀರು ಕುಡಿಯಲು ಹೋದವನು 'ಕೇರೆ'ಯ ಎದುರು ನಿಂತಿರುವ ಚಿತ್ರ ಮೊದಲ ಮೂರು ಸೆಕೆಂಡಿಗೆ ಧಾರಾಳವಾಗಿ ಸಾಕು, ಮತ್ತು ಆ ನಗುವೇ ಪಾಠ. ಪಾಠಕ್ಕೆ ಸಂಬಂಧಪಡದ ಕುಣಿತ, ಹಿನ್ನೆಲೆ ಸಂಗೀತ, ಹಾರಾಡುವ ಸ್ಟಿಕ್ಕರುಗಳು ಗಮನವನ್ನು ಸೆಳೆಯುವುದು ನಿಜ, ಸೆಳೆದು ಪಾಠದಿಂದ ದೂರ ಒಯ್ಯುವುದೂ ಅಷ್ಟೇ ನಿಜ. ಇನ್ನು ವೀಕ್ಷಣೆಯ ಸಂಖ್ಯೆಯನ್ನು ಕಲಿಕೆಯ ಅಳತೆಗೋಲು ಮಾಡಿಕೊಳ್ಳುವವರು ಒಂದು ಸಂಗತಿ ಗಮನಿಸಬೇಕು: 2025ರ ಮಾರ್ಚ್ 31ರಿಂದ ಯೂಟ್ಯೂಬ್ ಶಾರ್ಟ್ಸ್‌ನಲ್ಲಿ ವಿಡಿಯೊ ಓಡಲು ಶುರುವಾದರೆ ಸಾಕು, ಅದು ಒಂದು ವೀಕ್ಷಣೆ, ಕನಿಷ್ಠ ಇಷ್ಟು ಸೆಕೆಂಡು ನೋಡಿರಬೇಕೆಂಬ ನಿಯಮವಿಲ್ಲ. ಹತ್ತು ಸಾವಿರ ವೀಕ್ಷಣೆ ಎಂದರೆ ಹತ್ತು ಸಾವಿರ ಸಲ ಬೆರಳು ಸರಿಯಿತು ಎಂದಷ್ಟೇ ಅರ್ಥ ಇರಬಹುದು.

ತಪ್ಪನ್ನು ತೋರಿಸಿದರೆ ಮಗು ತಪ್ಪನ್ನೇ ಕಲಿತೀತು ಎಂಬ ಶಿಕ್ಷಕರ ಆತಂಕವನ್ನು ನಾನು ಗೌರವಿಸುತ್ತೇನೆ. ಅದಕ್ಕಾಗಿ ಒಂದು ಗೆರೆ ಎಳೆದುಕೊಳ್ಳಬೇಕು. ತಪ್ಪು ಓದನ್ನು ಕೇಳಿಸಬಹುದು, ತಪ್ಪು ಬರವಣಿಗೆಯನ್ನು ತೆರೆಯ ಮೇಲೆ ನಿಲ್ಲಿಸಬಾರದು. ಅಕ್ಷರದ ರೂಪ ಕಣ್ಣಿಗೆ ಅಂಟುವಂಥದ್ದು. ಕೊನೆಯ ಚಿತ್ರ, ಕೊನೆಯ ಧ್ವನಿ ಯಾವಾಗಲೂ ಸರಿಯಾದ ರೂಪದ್ದೇ ಆಗಿರಬೇಕು. ಇದಕ್ಕಿಂತ ಗಂಭೀರವಾದದ್ದು, ಕಿರುವಿಡಿಯೊ ಎಂಬುದೇ ಏಕಾಗ್ರತೆಯನ್ನು ಹಾಳುಮಾಡುವ ಮಾಧ್ಯಮ, ಅದರಲ್ಲಿ ಓದು ಕಲಿಸುವುದೆಂದರೆ ಬೇಲಿಗೇ ಹೊಲ ಮೇಯಲು ಬಿಟ್ಟಂತೆ ಎನ್ನುವ ಆಕ್ಷೇಪ. ಓದನ್ನು ವಿಡಿಯೊ ಕಲಿಸುವುದಿಲ್ಲ. ಅದು ಪುಸ್ತಕದ ಮುಂದೆ ಕೂತೇ ಬರಬೇಕಾದದ್ದು. ವಿಡಿಯೊ ಮಾಡಬಹುದಾದದ್ದು ದಾರಿಯಲ್ಲಿರುವ ಒಂದೊಂದೇ ಕಲ್ಲನ್ನು ಎತ್ತಿಡುವ ಕೆಲಸ. ಮುಂಬಯಿ ಕನ್ನಡಿಗರಿಗೆ ಚೂರುಪಾರು ಸಮಯದಲ್ಲಿ ಕಲಿಯುವುದು ಹೊಸದೂ ಅಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಕಳೆದ ಶತಮಾನದ ಮೊದಲ ಭಾಗದಲ್ಲೇ ಈ ನಗರದಲ್ಲಿ ಕನ್ನಡ ರಾತ್ರಿಶಾಲೆ ನಡೆಸಿದವು. ಹಗಲಿಡೀ ಹೋಟೆಲಿನಲ್ಲಿ ದುಡಿದು ಬಂದ ಹುಡುಗರಿಗೆ ಅಲ್ಲಿ ಸಿಗುತ್ತಿದ್ದದ್ದು ದಣಿವಿನ ನಡುವಿನ ಒಂದೆರಡು ತಾಸು. ಸಮಯ ಕಡಿಮೆಯೆಂದು ಆ ಶಾಲೆಗಳು ಬಾಗಿಲು ಹಾಕಲಿಲ್ಲ, ಇದ್ದ ಸಮಯಕ್ಕೆ ಪಾಠವನ್ನು ಹೊಂದಿಸಿಕೊಂಡವು. ಇವತ್ತಿನ ಮಗುವಿಗೆ ಹಾಗೆ ಉಳಿದಿರುವುದು ಟ್ಯೂಷನ್ನಿಗೂ ಊಟಕ್ಕೂ ನಡುವಿನ ಹತ್ತು ನಿಮಿಷ.

ಚಿತ್ರೀಕರಣದ ವಿಚಾರದಲ್ಲಿ ಕನ್ನಡ ಲಿಪಿಗೇ ವಿಶಿಷ್ಟವಾದ ತೊಂದರೆಯೊಂದಿದೆ. ಉದ್ದನೆಯ ತೆರೆಯ ಕೆಳಭಾಗವನ್ನು ವಿಡಿಯೊದ ಶೀರ್ಷಿಕೆ ಮತ್ತು ಖಾತೆಯ ಹೆಸರು ಮುಚ್ಚುತ್ತವೆ, ಬಲಗಡೆಯನ್ನು ಲೈಕ್ ಮತ್ತು ಶೇರ್ ಗುಂಡಿಗಳು. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಅರ್ಕಾವತ್ತು ಬಲಕ್ಕೆ ಸರಿಯುತ್ತದೆ. ಕಲಿಸಬೇಕಾದ ಗುರುತೇ ಹೀಗೆ ಗುಂಡಿಯ ಹಿಂದೆ ಅಡಗಿದರೆ ಪಾಠವಿಲ್ಲ. ಆದ್ದರಿಂದ ಪದ ತೆರೆಯ ನಡುವಿಗಿಂತ ಸ್ವಲ್ಪ ಮೇಲಿರಬೇಕು, ಒಂದು ಸಲಕ್ಕೆ ಒಂದೇ ಪದ, ಒತ್ತು ಬೇರೆ ಬಣ್ಣದಲ್ಲಿ, ಅಕ್ಷರ ಮೂಡುವ ಕ್ಷಣದಲ್ಲೇ ಅದರ ಧ್ವನಿ. ಜೊತೆಗೆ, ಈ ತಾಣಗಳಲ್ಲಿ ಖಾತೆ ತೆರೆಯಲು 13 ವರ್ಷವಾಗಿರಬೇಕು. ಅಂದಮೇಲೆ ಆರೇಳು ವರ್ಷದ ಮಗುವಿಗೆ ಇದು ತಲುಪುವುದು ಅಮ್ಮನದೋ ಅಜ್ಜನದೋ ಫೋನಿನಲ್ಲಿ, ಬಹುಪಾಲು ವಾಟ್ಸ್ಆ್ಯಪ್ ಮೂಲಕ. ಹಾಗಾಗಿ ಪ್ರತಿ ಪಾಠದ ಕೊನೆಗೆ ದೊಡ್ಡವರು ಕೇಳಬಹುದಾದ ಒಂದು ಪ್ರಶ್ನೆ ಇರಬೇಕು, ಉತ್ತರ ವಿಡಿಯೊದಲ್ಲಿ ಇರಬಾರದು. ಅದು ಫೋನ್ ಕೆಳಗಿಟ್ಟ ಮೇಲೆ ಮನೆಯಲ್ಲಿ ನಡೆಯಲಿ. ಮಕ್ಕಳ ಮುಖ ತೋರಿಸುವ ಅಗತ್ಯವೂ ಇಲ್ಲ, ಬರೆಯುವ ಕೈ ಸಾಕು.

ಬೇಕಾದ ಜನ ಈ ಊರಿನಲ್ಲೇ ಇದ್ದಾರೆ. ಮುಂಬಯಿ ಮಹಾನಗರಪಾಲಿಕೆ ಶಾಲೆ ನಡೆಸುವ ಮಾಧ್ಯಮಗಳಲ್ಲಿ ಕನ್ನಡವೂ ಒಂದು. ಅಲ್ಲಿನ ಶಿಕ್ಷಕರಿಗೆ ಮರಾಠಿಯ ನೆರಳಿನಲ್ಲಿ ಕನ್ನಡ ಓದುವ ಮಕ್ಕಳ ತಪ್ಪುಗಳು ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ಗೊತ್ತು. ಪಾರ್ಲೆಯ ಪಕ್ಕದಲ್ಲೇ ಕಲೀನಾದ ವಿದ್ಯಾನಗರಿಯಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ. ಪಾರ್ಲೆಯ ಮೀಠೀಬಾಯಿ, ಸಾಠ್ಯೆ, ಡಹಾಣೂಕರ್ ಕಾಲೇಜುಗಳ ಸಾಲಿನಲ್ಲಿ ಸಂಕಲನದಲ್ಲಿ ಪಳಗಿದ ಯುವಕರಿಗೆ ಬರವಿಲ್ಲ, ಅವರಲ್ಲಿ ಕನ್ನಡ ಮನೆಗಳವರೂ ಇರುತ್ತಾರೆ. ವರ್ಷಕ್ಕೊಂದು ಅದ್ದೂರಿ ಸಮಾರಂಭ ಮಾಡುವ ಕನ್ನಡ ಸಂಘ, ಆ ಒಂದು ಸಂಜೆಯ ಮಂಟಪದ ಖರ್ಚಿನಲ್ಲಿ ಈ ಮೂವರನ್ನು ಒಂದು ಮೇಜಿಗೆ ಕರೆತಂದು ಪೂರ್ತಿ ಸರಣಿಯನ್ನೇ ಮಾಡಿಸಬಹುದು. ಅದು ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಮನೆಗಳಿಗೂ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಅಲ್ಲಿನ ಮಕ್ಕಳ ಎದುರಿಗೂ ಈ ಎರಡು ಲಿಪಿಗಳೇ ಇವೆ. ಮೊದಲ ವಿಡಿಯೊಗೆ ವಿಷಯ ಹುಡುಕಿಕೊಂಡು ಹೋಗಬೇಕಾಗಿಲ್ಲ. ಪಾರ್ಲೆಯ ಫಲಕದಿಂದ ಶುರುಮಾಡಿ, 'ಲೆ'ಯ ತಲೆಯ ಮೇಲಿನ 'ರ್' ಅನ್ನು ಕನ್ನಡಕ್ಕೆ ಇಳಿಸಿ, ಕೊನೆಗೆ ಕುರ್ಲಾ, ಚರ್ನಿ ರೋಡ್, ಚರ್ಚ್‌ಗೇಟ್ ಎಂಬ ಮೂರು ಹೆಸರುಗಳನ್ನು ದೇವನಾಗರಿಯಲ್ಲಿ ತೋರಿಸಿ, ಇವನ್ನು ಕನ್ನಡದಲ್ಲಿ ಬರೆ ನೋಡೋಣ ಎಂದು ಮಗುವಿನ ಮುಂದೆ ಖಾಲಿ ಹಾಳೆ ಇಟ್ಟರೆ ಆಯಿತು.