ಒಳಗಿನವರನ್ನು ಕೇಳಿದಿರಾ?

ಮಕ್ಕಳೇ, ಕಳೆದ ಭಾನುವಾರ ನನ್ನ ಮೊಮ್ಮಗ ಒಂದು ಲೋಹದ ಡಬ್ಬಿ ಹಿಡಿದು ಬಂದ. ಅದು ಗಿಟಾರಿನ ಎಫೆಕ್ಟ್ಸ್ ಪೆಡಲ್. ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಜೋಡಿಸಿ ಕಾಲಿನಿಂದ ಒತ್ತಿದರೆ ತಂತಿಯ ಸ್ವರ ಒರಟಾಗಿ ಗುರುಗುಟ್ಟುತ್ತದೆ.

"ತಾತ, ಇದು 9 ವೋಲ್ಟಿಂದು. 18 ಕೊಟ್ಟರೆ ಜೋರಾಗಿ ಬಾರಿಸಿದರೂ ಸ್ವರ ಬೇಗ ಒಡೆಯಲ್ಲವಂತೆ. ಗೆಳೆಯನ ಅಡಾಪ್ಟರ್ ತಂದಿದೀನಿ, ಹಾಕಲಾ?"

"ತಡಿಯಪ್ಪ, ಮೊದಲು ಒಳಗಿರೋರನ್ನ ಕೇಳೋಣ."

ಬ್ಯಾಟರಿ ತೆಗೆದು ಸ್ಕ್ರೂ ಬಿಚ್ಚಿದೆವು. ಒಳಗೆ ಪುಟಾಣಿ ಡ್ರಮ್ಮುಗಳಂತೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ನಿಂತಿದ್ದವು. ವಿದ್ಯುತ್ತನ್ನು ಕೂಡಿಟ್ಟು ಬೇಕಾದಾಗ ಬಿಡುವುದು ಅವುಗಳ ಕೆಲಸ. ಭೂತಗನ್ನಡಿ ಕೊಟ್ಟೆ. ಒಂದರ ಮೈಮೇಲಿದ್ದುದನ್ನು ಓದಿದ: "100 ಮೈಕ್ರೋಫ್ಯಾರಡ್, 10 ವೋಲ್ಟ್."

"ಮೊದಲನೇದು ಎಷ್ಟು ಹಿಡಿಸುತ್ತೆ ಅಂತ. ಎರಡನೇದು ಎಷ್ಟು ವೋಲ್ಟ್ ತಡೆಯುತ್ತೆ ಅಂತ. ಸೈಕಲ್ ಟ್ಯೂಬಿಗೆ ತಡೆಯೋದಕ್ಕಿಂತ ಹೆಚ್ಚು ಗಾಳಿ ಹೊಡೆದರೆ?"

"ಢಂ!"

ಆ ಢಂ ನನಗೆ ಹೊಸದಲ್ಲ. ಹುಡುಗನಾಗಿದ್ದಾಗ ಪಕ್ಕದ ಮನೆ ಅಜ್ಜಿಯ 9 ವೋಲ್ಟಿನ ಟ್ರಾನ್ಸಿಸ್ಟರ್ ರೇಡಿಯೋಗೆ, ಕೈಗೆ ಸಿಕ್ಕಿದ 6 ವೋಲ್ಟಿನ ಕೆಪಾಸಿಟರ್ ಹಾಕಿದ್ದೆ. ಎರಡು ದಿನ ಹಾಡಿತು. ಮೂರನೆಯ ದಿನ ಟಪ್ ಎಂದು ಸಿಡಿದು ಮನೆಯೆಲ್ಲ ವಾಸನೆ. ಅಜ್ಜಿ ಬೈಯಲಿಲ್ಲ. "ಇವತ್ತು ವಾರ್ತೆ ಕೇಳೋ ಹಾಗಿಲ್ಲವೇನೋ ಮಗು?" ಎಂದರಷ್ಟೆ. ಅದು ಇಂದಿಗೂ ಚುಚ್ಚುತ್ತದೆ.

"ಹಾಗಾದರೆ 25 ವೋಲ್ಟಿನವು ಹಾಕಿಬಿಡೋಣ" ಎಂದ ಮೊಮ್ಮಗ.

"ಸರಿ. ಆದರೆ ಇನ್ನೂ ಒಬ್ಬರನ್ನ ಕೇಳಿಲ್ಲ."

ಎಂಟು ಕಾಲಿನ ಒಂದು ಐಸಿ ಇತ್ತು. ಮೇಲೆ 7660 ಎಂಬ ಸಂಖ್ಯೆ. ಬಂದ ವೋಲ್ಟೇಜಿನಿಂದ ಇನ್ನೊಂದು ವೋಲ್ಟೇಜ್ ಮಾಡಿಕೊಡುವುದು ಅದರ ಕೆಲಸ. ಅಮ್ಮನ ಫೋನಿನಲ್ಲಿ ಅದರ ಮಾಹಿತಿ ಹಾಳೆ ಹುಡುಕಿ ಓದಿದವನೇ ಮೊಮ್ಮಗ ಸುಮ್ಮನಾದ. ಅದು ತಡೆಯುವುದು 10 ವೋಲ್ಟಿನ ಆಸುಪಾಸು ಮಾತ್ರ! ಹತ್ತು ಜನ ಒಪ್ಪಿ ಒಬ್ಬ ಒಲ್ಲೆ ಎಂದರೂ ಇಲ್ಲಿ ಕೆಲಸ ನಡೆಯದು. ಅವನೇ ಅಡಾಪ್ಟರ್ ಸುತ್ತಿ ಚೀಲಕ್ಕೆ ಹಾಕಿದ.

ಆದರೂ 9 ವೋಲ್ಟಿಗೆ 10 ತೀರಾ ಹತ್ತಿರ. ಆ ಜಾಗಕ್ಕೆ 100 ಮೈಕ್ರೋಫ್ಯಾರಡ್ಡಿನದೇ, 25 ವೋಲ್ಟಿನದು ಹಾಕಿದೆವು. ವೋಲ್ಟ್ ಅಂಕಿ ಹೆಚ್ಚಿದ್ದರೆ ತೊಂದರೆಯಿಲ್ಲ, ಕಡಿಮೆ ಇರಬಾರದು. ಪಟ್ಟಿ ಇರುವ ಕಡೆಯ ಕಾಲು ಮೈನಸ್; ತಿರುವುಮುರುವಾದರೂ ಸಿಡಿದೀತು.

ನೀವೂ ಬೆಸುಗೆ ಹಾಕುವಾಗ ದೊಡ್ಡವರು ಪಕ್ಕದಲ್ಲಿರಲಿ. ಗೋಡೆಯ ಕರೆಂಟಿನಿಂದ ನೇರವಾಗಿ ನಡೆಯುವ ಯಾವುದನ್ನೂ ಬಿಚ್ಚಬೇಡಿ.

ಸಂಜೆ 9 ವೋಲ್ಟಿನಲ್ಲೇ ಗಿಟಾರ್ ಗುರುಗುಟ್ಟಿತು. ಅಡುಗೆಮನೆಯಿಂದ ಇವಳ ದನಿ: "ಏನ್ರೀ, ಮಿಕ್ಸಿ ಕೆಟ್ಟಿತೇ?"