ನಾಲ್ಕು ಪುಟಕ್ಕೆ ನಾನೂರು ಪ್ಯಾಕೇಜು

ಹೊಳೆನರಸೀಪುರದ ಯಾವುದಾದ್ರೂ ಪ್ರೆಸ್ಸಿಗೆ ಹೋಗಿ ಲಗ್ನಪತ್ರಿಕೆ ಮಾಡಿಸಿದ್ದೀರಾ? ಮೇಲಿನ ಗಣಪತಿ, ಕೆಳಗಿನ ‘ಸುಖಾಗಮನ ಬಯಸುವವರು’ ಅವರ ಹತ್ರ ಮೊದಲೇ ರೆಡಿ ಇರುತ್ತೆ. ನಾವು ಕೊಡೋದು ನಡುವಿನ ಹೆಸರು, ಮುಹೂರ್ತ, ಛತ್ರ ಅಷ್ಟೇ. ವೆಬ್‌ಸೈಟ್ ಟೆಂಪ್ಲೇಟ್ ಅಂದ್ರೂ ಇದೇ ಕಣ್ರೀ. ಇಷ್ಟಕ್ಕೆ ನಾವು ಇಂಜಿನಿಯರುಗಳು ಊರಗಲ ಚಪ್ಪರ ಹಾಕ್ತೀವಲ್ಲ, ಅದೇ ನನ್ನ ತಕರಾರು.

ಹಾಸನದಲ್ಲಿ ನಮ್ಮ ಚಿಕ್ಕಪ್ಪಂದು ಬಿತ್ತನೆ ಆಲೂಗಡ್ಡೆ ವ್ಯಾಪಾರ. ಜಲಂಧರ್‌ನಿಂದ ಲಾರಿ ಬಂದಾಗ ಚೀಲದ ದರ ತಿಳಿಸೋಕೆ ಒಂದು ಸೈಟ್ ಬೇಕು ಅಂದ್ರು. ಸಾಗಾಣಿಕೆ ಖರ್ಚು ಬೇರೆ ಬೇರೆ, ಹಾಗಾಗಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಅಂತ ತಾಲ್ಲೂಕಿಗೊಂದು ಪುಟ. ಒಟ್ಟು ನಾಲ್ಕೇ ನಾಲ್ಕು. ನಾನು ಮಹಾ ಬುದ್ಧಿವಂತ ನೋಡಿ, ಫ್ರೇಮ್‌ವರ್ಕು, ಡೇಟಾಬೇಸು, ಲಾಗಿನ್ನು ಎಲ್ಲ ತಂದು ಸುರಿದೆ.

ಮುಂದಿನ ಮೇ ತಿಂಗಳಲ್ಲಿ, ಸರಿಯಾಗಿ ಬಿತ್ತನೆ ಹೊತ್ತಿಗೆ, ಬಿಲ್ಡ್ ಮುರಿದುಬಿತ್ತು. ನನಗೆ ಆಫೀಸಲ್ಲಿ ರಿಲೀಸು. ಸೈಟಿನಲ್ಲಿ ಹೋದ ವರ್ಷದ ದರವೇ ನಿಂತಿತ್ತು. ಅರಕಲಗೂಡಿನ ರೈತರೊಬ್ಬರು ಫೋನ್ ತೋರಿಸಿ, ಇದೇ ರೇಟಿಗೆ ಕೊಡಿ ಅಂತ ಕೂತ್ರು. ಚಿಕ್ಕಪ್ಪ ಕೈಯಿಂದ ಕಳಕೊಂಡು ಕೊಟ್ರು. ಆಮೇಲೆ ನನಗೆ ಫೋನು: “ಏನ್ಲಾ, ಕರಿಹಲಗೆ ಒರೆಸಿ ಬರೆಯೋಕೂ ಬೆಂಗಳೂರಿಂದ ನೀನೇ ಬರಬೇಕೇನ್ಲಾ?”

ಆ ಶನಿವಾರ ಎಲ್ಲಾ ಕಿತ್ತುಹಾಕಿದೆ. ಈಗ ಇರೋದು ತಲೆಗೊಂದು ಫೈಲು, ಬಾಲಕ್ಕೊಂದು ಫೈಲು, ನಡುವೆ ತಾಲ್ಲೂಕಿಗೊಂದು ಸಣ್ಣ ಫೈಲು. ಶೆಲ್‌ನಲ್ಲಿ ಒಂದು ಫಾರ್ ಲೂಪು. ಕ್ಯಾಟ್ ಮೂರನ್ನೂ ಸಾಲಾಗಿ ಜೋಡಿಸುತ್ತೆ, ಶೀರ್ಷಿಕೆ ಜಾಗಕ್ಕೆ ಸೆಡ್ ಊರಿನ ಹೆಸರು ತುಂಬುತ್ತೆ. ಹನ್ನೊಂದು ಸಾಲು. ಸೆಡ್ ಹುಟ್ಟಿದ್ದು 1970ರ ದಶಕದಲ್ಲಿ, ನನಗಿಂತ ಹಿರಿಯ. ಒಂದು ದಿನಕ್ಕೂ ಅಪ್‌ಡೇಟ್ ಮಾಡು ಅಂತ ಪೀಡಿಸಿಲ್ಲ. ಹೊರಗೆ ಬರೋದು ಬರೀ ಎಚ್‌ಟಿಎಂಎಲ್. ಕನ್ನ ಹಾಕೋಕೆ ಡೇಟಾಬೇಸೂ ಇಲ್ಲ, ಹೊಲದ ಬದುವಿನ ಮೇಲಿನ ಒಂದು ಕಡ್ಡಿ ಸಿಗ್ನಲ್ಲಿಗೂ ಪುಟ ತೆರೆದುಕೊಳ್ಳುತ್ತೆ.

ಆನ್‌ಲೈನಲ್ಲಿ ದುಡ್ಡು ಕಟ್ಟಿಸಿಕೊಳ್ಳೋ ಅಂಗಡಿಗೆ ಇದು ಸಾಲದು, ಒಪ್ಪಿದೆ. ಆದರೆ ಶಾಲೆ, ಕ್ಲಿನಿಕ್ಕು, ಹೋಂಸ್ಟೇ, ಇವಕ್ಕೆಲ್ಲ ನಾವು ದೊಡ್ಡ ಸರಂಜಾಮು ಹೇರೋದು ಅವರಿಗೆ ಬೇಕಂತ ಅಲ್ಲ, ನಮ್ಮ ರೆಸ್ಯೂಮೆಯಲ್ಲಿ ಒಂದು ಸಾಲು ಬೇಕಂತ. ಆಮೇಲೆ ಕೆಲಸ ಬದಲಾಗಿ ನಾವು ಪುಣೆಗೋ ಡಬ್ಲಿನ್‌ಗೋ ಹೋಗ್ತೀವಿ. ಕೆಟ್ಟುನಿಂತ ಸೈಟಿಗೆ ವರ್ಷವರ್ಷ ದುಡ್ಡು ಕಟ್ಟೋರು ಅವರು.

“ಇದು ಸ್ಕೇಲ್ ಆಗಲ್ಲ ಮಗಾ” ಅಂದ ಪಕ್ಕದ ಟೇಬಲ್ಲಿನ ಗೆಳೆಯ. ಹಾಸನ ಜಿಲ್ಲೆಗಿರೋದೇ ಎಂಟು ತಾಲ್ಲೂಕು. ಲೂಪಿಗೆ ಇನ್ನು ನಾಲ್ಕು ಹೆಸರು ಸೇರಿಸಿದರೆ ಮುಗೀತು. ಅದನ್ನೂ ನಾನು ಸೇರಿಸಬೇಕಿಲ್ಲ, ಬಿಕಾಂ ಓದ್ತಿರೋ ಚಿಕ್ಕಪ್ಪನ ಮಗಳು ಮೊನ್ನೆ ಸಕಲೇಶಪುರ ಆಗಲೇ ಸೇರಿಸಿದ್ದಾಳೆ.