ಅರ್ಧ ದಿನದ ಕೆಲಸ, ಪೂರ್ತಿ ತಿಂಗಳ ಲೆಕ್ಕ

ತಾಲ್ಲೂಕು ಕೇಂದ್ರವೊಂದರಿಂದ ಓದುಗರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಯಜಮಾನರು ತೀರಿಕೊಂಡು ಮೂರು ವರ್ಷವಾಯಿತು. ಹನ್ನೆರಡು ವರ್ಷದ ಮಗಳು, ನಾಲ್ಕು ವರ್ಷದ ಮಗ. ಔಷಧಿ ಅಂಗಡಿಯೊಂದರಲ್ಲಿ ಬೆಳಗಿನ ಹೊತ್ತು ನಾಲ್ಕು ಗಂಟೆ ಬಿಲ್ ಬರೆಯುವ ಕೆಲಸ ಸಿಕ್ಕಿದೆ, ಸಂಬಳ 6,500 ರೂಪಾಯಿ. ಬಟ್ಟೆ ಅಂಗಡಿಯವರು ಪೂರ್ತಿ ದಿನಕ್ಕೆ ಕರೆಯುತ್ತಿದ್ದಾರೆ, 12,500. "ಕೆಲಸಕ್ಕೆ ಹೋದರೆ ಸರ್ಕಾರದ ದುಡ್ಡೆಲ್ಲ ನಿಂತುಹೋಗುತ್ತದೆ ಎಂದು ಓರಗಿತ್ತಿ ಹೆದರಿಸುತ್ತಾಳೆ, ನಿಜವೇ?" ಎಂಬುದು ಅವರ ಪ್ರಶ್ನೆ.

ಎಲ್ಲವೂ ನಿಲ್ಲುವುದಿಲ್ಲ. ಕೆಲವು ನಿಲ್ಲುತ್ತವೆ. ಯಾವುದು ಎಲ್ಲಿ ನಿಲ್ಲುತ್ತದೆ ಎಂದು ನೋಡೋಣ. ಮಕ್ಕಳೇ, ನೀವೂ ಪೆನ್ಸಿಲ್ ತೆಗೆದುಕೊಂಡು ಕೂಡಿಸುತ್ತ ಬನ್ನಿ; ನಾನು ತಪ್ಪಿದರೆ ಸಂಪಾದಕರಿಗೆ ಬರೆಯಿರಿ.

ಈಗಿನ ಆದಾಯ: ವಿಧವಾ ವೇತನ 800, ಗೃಹಲಕ್ಷ್ಮಿ 2,000, ಮಗಳ ಹೆಸರಿಗೆ ಪ್ರಾಯೋಜಕತ್ವ ಯೋಜನೆಯಿಂದ 4,000, ಮನೆಯಲ್ಲಿ ರವಿಕೆ ಹೊಲಿದು ಬರುವ 1,500. ಒಟ್ಟು 8,300. ಮಗನಿಗೂ ಪ್ರಾಯೋಜಕತ್ವಕ್ಕೆ ಅರ್ಜಿ ಕೊಟ್ಟಿದ್ದಾರಂತೆ, ಮಂಜೂರಾಗಿಲ್ಲ. ಕೈಗೆ ಬಾರದ ದುಡ್ಡನ್ನು ನಾನು ಕೂಡಿಸುವುದಿಲ್ಲ.

ಒಂದೊಂದಕ್ಕೂ ಒಂದೊಂದು ಮಿತಿಯಿದೆ. ವಿಧವಾ ವೇತನಕ್ಕೆ ವಾರ್ಷಿಕ ಆದಾಯ 32,000 ರೂಪಾಯಿಯ ಒಳಗಿರಬೇಕು. ಅಂದರೆ ತಿಂಗಳಿಗೆ 2,700 ರೂಪಾಯಿಯೂ ಇಲ್ಲ. ವಿಧವಾ ವೇತನ, ಗೃಹಲಕ್ಷ್ಮಿ ಎರಡನ್ನೇ ಕೂಡಿಸಿದರೂ ವರ್ಷಕ್ಕೆ 33,600 ಆಗುತ್ತದೆ! ಈ ಮಿತಿ ಇಟ್ಟವರು ಎಷ್ಟು ದಿನದಿಂದ ಪೇಟೆಗೆ ಹೋಗಿಲ್ಲವೋ. ಇರಲಿ, ಯಾವ ಕೆಲಸ ಹಿಡಿದರೂ ಈ 800 ಹೋಯಿತೆಂದೇ ಇಟ್ಟುಕೊಳ್ಳಿ.

ದೊಡ್ಡ ಮೊತ್ತ ಪ್ರಾಯೋಜಕತ್ವದ್ದು. ತಂದೆಯಿಲ್ಲದ ಮಕ್ಕಳು ತಾಯಿಯ ಮಡಿಲಲ್ಲೇ ಬೆಳೆದು ಓದಲಿ ಎಂದು ಕೇಂದ್ರದ ಮಿಷನ್ ವಾತ್ಸಲ್ಯದಡಿ ಕೊಡುವ ಹಣ ಇದು. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ಮೀರಬಾರದು. ಇನ್ನು ಬಿ.ಪಿ.ಎಲ್. ಪಡಿತರ ಚೀಟಿಗೆ ಮಿತಿ 1,20,000. ಗೃಹಲಕ್ಷ್ಮಿ ಎ.ಪಿ.ಎಲ್. ಚೀಟಿಯವರಿಗೂ ಇದೆ, ಆದಾಯ ತೆರಿಗೆ, ಜಿ.ಎಸ್.ಟಿ. ಕಟ್ಟುವ ಮನೆಯಾದರೆ ಮಾತ್ರ ಇಲ್ಲ. ಓರಗಿತ್ತಿಗೆ ಇದನ್ನು ಹೇಳಿ.

ಈಗ ಔಷಧಿ ಅಂಗಡಿ. ಸಂಬಳ 6,500, ಹೊಲಿಗೆ ಅರ್ಧಕ್ಕಿಳಿದು 750. ವರ್ಷಕ್ಕೆ 87,000. ಪಟ್ಟಣದ ಮಿತಿಯ ಒಳಗೇ ಇದೆ, ಆದ್ದರಿಂದ ಮಗಳ 4,000 ಉಳಿಯುತ್ತದೆ, ಚೀಟಿಯೂ ಉಳಿಯುತ್ತದೆ. ಗೃಹಲಕ್ಷ್ಮಿ ಸೇರಿಸಿದರೆ 13,250. ಬಸ್ಸಿಗೆ ಶಕ್ತಿ ಯೋಜನೆ ಇದೆ. ಕಾಫಿ, ಚಪ್ಪಲಿ, ಮೊಬೈಲ್ ಎಂದು 500 ಕಳೆಯಿರಿ. ಉಳಿದದ್ದು 12,750. ಇಂದಿಗಿಂತ 4,450 ಹೆಚ್ಚು. ಇದೇ ಕೆಲಸ ಹಳ್ಳಿಯ ತಾಯಿಗೆ ಸಿಕ್ಕಿದ್ದರೆ 87,000 ಅಲ್ಲಿನ ಮಿತಿಯನ್ನು ದಾಟುತ್ತಿತ್ತು, ಲಾಭ ಬರೀ 450ಕ್ಕೆ ಇಳಿಯುತ್ತಿತ್ತು. ಹಳ್ಳಿಯ ಓದುಗರು ಇದನ್ನು ಗಮನಿಸಬೇಕು.

ಬಟ್ಟೆ ಅಂಗಡಿಯಲ್ಲಿ ವರ್ಷಕ್ಕೆ 1,50,000. ಎರಡು ಮಿತಿಯೂ ದಾಟಿತು. ಸಂಬಳಕ್ಕೆ ಗೃಹಲಕ್ಷ್ಮಿ ಸೇರಿ 14,500. ಪಡಿತರದಲ್ಲಿ ಬರುತ್ತಿದ್ದುದನ್ನು ಕೊಳ್ಳಲು ಕಡಿಮೆಯೆಂದರೂ 900, ಮಗನನ್ನು ಸಂಜೆ ನೋಡಿಕೊಳ್ಳುವ ಪಕ್ಕದ ಮನೆಯವರಿಗೆ 1,500, ಮೇಲುಖರ್ಚು 500. ಉಳಿದದ್ದು 11,600, ಹೆಚ್ಚಾದದ್ದು 3,300. ತಿಂಗಳಿಗೆ 26 ದಿನ, ದಿನಕ್ಕೆ ಒಂಬತ್ತು ಗಂಟೆ ನಿಂತು ಸೀರೆ ಬಿಚ್ಚಿ ತೋರಿಸಿದ್ದಕ್ಕೆ ಗಂಟೆಗೆ 14 ರೂಪಾಯಿ. ಔಷಧಿ ಅಂಗಡಿಯದು ಗಂಟೆಗೆ ಸುಮಾರು 43. ಮಗನನ್ನು ನೋಡಿಕೊಳ್ಳಲು ಅಕ್ಕ ಇದ್ದಾಳಲ್ಲ ಎಂದು ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಹನ್ನೆರಡು ವರ್ಷದ ಹುಡುಗಿಯ ಸಂಜೆ ಅವಳ ಓದಿಗೆ, ಆಟಕ್ಕೆ.

ಬಟ್ಟೆ ಅಂಗಡಿಯ ಪರವಾಗಿಯೂ ಒಂದು ಮಾತಿದೆ. ಅಲ್ಲಿ ಹತ್ತಕ್ಕೆ ಮೇಲೆ ಕೆಲಸಗಾರರಿದ್ದು ಇ.ಎಸ್.ಐ. ಇದ್ದರೆ ಸಂಬಳದಲ್ಲಿ 0.75 ಶೇಕಡಾ ಮಾತ್ರ ಹಿಡಿಯುತ್ತಾರೆ. ನಿಮಗೂ ಮಕ್ಕಳಿಗೂ ಚಿಕಿತ್ಸೆ ಸಿಗುತ್ತದೆ. ಇಪ್ಪತ್ತಕ್ಕೆ ಮೇಲಿದ್ದರೆ ಪಿ.ಎಫ್. ಕೂಡ ಬರಬೇಕು. ನಿಮ್ಮಿಂದ ಶೇ. 12, ಮಾಲೀಕರಿಂದಲೂ ಅಷ್ಟೇ. ಕೈಗೆ ಬರುವುದು ಕಡಿಮೆಯಾದರೂ ಆ ದುಡ್ಡು ನಿಮ್ಮದೇ. ಇವೆರಡೂ ಇವೆಯೇ ಎಂದು ಬಾಯಿಬಿಟ್ಟು ಕೇಳಿ. ಕೇಳಿದ್ದಕ್ಕೆ ಸಿಡುಕುವ ಮಾಲೀಕರಾದರೆ ಅದೇ ಉತ್ತರ.

ಆದರೂ ಈಗ ಔಷಧಿ ಅಂಗಡಿಯೇ ಸರಿ ಎಂದು ನನ್ನ ಅಭಿಪ್ರಾಯ. "ಈಗ" ಎಂಬ ಮಾತಿಗೆ ಗೆರೆ ಎಳೆದುಕೊಳ್ಳಿ. ಮಗಳಿಗೆ ಹದಿನೆಂಟು ತುಂಬಿದರೆ 4,000 ನಿಲ್ಲುತ್ತದೆ. ಆ ದಿನ ಅರ್ಧ ದಿನದ ಕೆಲಸದಲ್ಲಿ ಉಳಿಯುವುದು 8,750. ಪೂರ್ತಿ ದಿನದ್ದರಲ್ಲಿ, ಆಗ ಹತ್ತು ವರ್ಷದವನಾಗಿರುವ ಮಗನಿಗೆ ಪಕ್ಕದ ಮನೆಯ ಖರ್ಚೂ ತಪ್ಪಿ, 13,100. ಲೆಕ್ಕ ತಲೆಕೆಳಗಾಯಿತು ನೋಡಿ. ಮಧ್ಯೆ ಆರು ವರ್ಷವಿದೆ. ಅಷ್ಟರಲ್ಲಿ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವುದನ್ನು ಕಲಿತು, ಔಷಧಿ ಅಂಗಡಿಯಿಂದ ಅನುಭವದ ಪತ್ರ ಪಡೆದಿದ್ದರೆ ಸೀರೆ ಬಿಚ್ಚುವ ಕೆಲಸಕ್ಕೇ ಹೋಗಬೇಕಿಲ್ಲ.

ಪತ್ರದ ಕೊನೆಗೆ ಇನ್ನೊಂದು ಸಾಲಿದೆ: "ಸಂಬಳ ಕೈಗೇ ತೆಗೆದುಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ ಎನ್ನುತ್ತಾರೆ." ಬೇಡ ತಾಯಿ. ತಿಂಗಳಿಗೆ 800ನ್ನು ಹೀಗೆ ಉಳಿಸಿಕೊಳ್ಳಲು ಹೋಗಿ ಮಗಳ 4,000ವನ್ನೂ ಪಡಿತರ ಚೀಟಿಯನ್ನೂ ಪಣಕ್ಕಿಡಬೇಕೆ? ಸಂಬಳ ಬ್ಯಾಂಕ್ ಖಾತೆಗೆ ಬಂದರೆ ನಾಳೆ ಹೊಲಿಗೆ ಯಂತ್ರಕ್ಕೆ ಸಾಲ ಕೇಳಿದಾಗ ಪಾಸ್‌ಬುಕ್ಕೇ ನಿಮ್ಮ ಪರವಾಗಿ ಮಾತಾಡುತ್ತದೆ. ಕೌಂಟರಿನ ಆಚೆ ಕೂತು ಅದನ್ನು ಎಷ್ಟೋ ಸಲ ಕಂಡಿದ್ದೇನೆ. ಗೃಹಲಕ್ಷ್ಮಿ ಕೆಲವು ಸಲ ಎರಡು ಮೂರು ತಿಂಗಳದ್ದು ಒಟ್ಟಿಗೆ ಬರುತ್ತದೆ. ಆದ್ದರಿಂದ ಬಾಡಿಗೆ, ಚೀಟಿಯ ಕಂತು ಎರಡನ್ನೂ ಸಂಬಳದ ದುಡ್ಡಿನಲ್ಲೇ ಕಟ್ಟಿ.

ಕೆಲಸಕ್ಕೆ ಸೇರಿದ ಮೇಲೆ ನಾಡಕಚೇರಿಯಲ್ಲಿ ಹೊಸ ಆದಾಯ ಪ್ರಮಾಣಪತ್ರ ಮಾಡಿಸಿ, ಒಂದು ನಕಲನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕೊಟ್ಟು ಸ್ವೀಕೃತಿ ಪಡೆಯಿರಿ. ಸಂಬಳ ಹೆಚ್ಚಿಸುತ್ತೇವೆ ಎಂದು ಮಾಲೀಕರು ಹೇಳಿದ ದಿನ ಈ ಪುಟ ತೆಗೆದು, ವರ್ಷದ ಮೊತ್ತ 96,000 ದಾಟುತ್ತದೆಯೇ ಎಂದು ಮೊದಲು ನೋಡಿ. ಹೊಲಿಗೆಯ ದುಡ್ಡನ್ನೂ ಸೇರಿಸಿಯೇ ನೋಡಿ.